ಏಳು ಸೀಟುಗಳ ಆಚೆಗಿನ ಜಗಳ

ನಾನು ಜಗಳಗಂಟಿ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ವಿಷಯ. ಅಮ್ಮ ಮಾತ್ರ ನೆಂಟರ ಮುಂದೆ ಅದನ್ನು "ಅವಳಿಗೆ ಸ್ವಲ್ಪ ಬಾಯಿ ಜೋರು" ಎಂದು ಚಂದ ಮಾಡಿ ಹೇಳುತ್ತಿದ್ದರು. ಕಾಲೇಜಿನ ಎರಡನೇ ವರ್ಷದಲ್ಲಿ ಆ ಬಾಯಿಗೆ ಸರಿಸಮನಾದ ಒಬ್ಬ ಸಿಕ್ಕಿದ. ಜಗಳಕ್ಕೆ ಕಾರಣ ಒಂದು ಜಪಾನಿ ಅನಿಮೆ, ಅಂದರೆ ಕಾರ್ಟೂನು. ನಾವು ಹುಟ್ಟುವ ಮೊದಲೇ ಶುರುವಾಗಿ ಇವತ್ತಿಗೂ ಮುಗಿಯದ ನೂರಾರು ಕಂತುಗಳ ಸರಣಿ ಅದು. ಅದರ ನಾಯಕನಿಗೊಬ್ಬ ಎದುರಾಳಿ ಇದ್ದಾನೆ. ಇಬ್ಬರೂ ಒಂದು ತೂಗುಸೇತುವೆಯ ಮೇಲೆ ಕಾದಾಡುತ್ತಾರೆ. ಗೆಲುವು ಯಾರದೆಂದು ತೀರ್ಮಾನವಾಗುವ ಮೊದಲೇ ಎದುರಾಳಿ ತನ್ನ ಈಟಿಯನ್ನು ಕೆಳಗಿಟ್ಟು ಹೊರಟುಹೋಗುತ್ತಾನೆ. ನಿಂತಿದ್ದರೆ ಗೆಲ್ಲುವಷ್ಟು ಬಲ ಅವನಿಗಿತ್ತೇ ಇಲ್ಲವೇ? ಪ್ರಶ್ನೆ ಇಷ್ಟೇ. ಇದಕ್ಕಾಗಿ ನಾವಿಬ್ಬರು ಒಂದೂವರೆ ವರ್ಷ ಕಚ್ಚಾಡಿದೆವು.

ನಾನು ಎದುರಾಳಿಯ ಪಕ್ಷ. ನಾಯಕನಿಗೆ ಗುರುವಿದ್ದರು, ವಂಶದಿಂದ ಬಂದ ಶಕ್ತಿಯಿತ್ತು. ಇವನು ಎಲ್ಲವನ್ನೂ ಒಬ್ಬನೇ ಕಲಿತವನು. ಹಾಗಾಗಿ ಇವನೇ ದೊಡ್ಡವನು ಎಂಬುದು ನನ್ನ ವಾದ. "ಒಬ್ಬನೇ ಕಲಿತದ್ದಕ್ಕೆ ಮಾರ್ಕು ಕೊಡುವ, ಬೇಡ ಅಂತ ಹೇಳುವುದಿಲ್ಲ. ಆದ್ರೆ ಬಲ ಎಲ್ಲಿ ಉಂಟು, ತೋರಿಸು" ಎನ್ನುತ್ತಿದ್ದ ಅವನು. ಕಂತಿನ ನಂಬರು, ನಿಮಿಷ, ಸೆಕೆಂಡು ಎಲ್ಲ ಅವನಿಗೆ ಬಾಯಿಪಾಠ. ನನ್ನ ಹತ್ತಿರ ಇದ್ದದ್ದು ಸಿಟ್ಟು. ಕ್ಯಾಂಟೀನಿನಲ್ಲಿ ಬನ್ಸ್ ಆರಿ ತಣ್ಣಗಾಗುವವರೆಗೆ ನಾವು ಮೇಜು ಬಡಿಯುತ್ತಿದ್ದೆವು. ನನ್ನ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡು ಎದುರು ನಿಂತವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅದು ಪ್ರೀತಿಯಲ್ಲ. ಈ ಮಾತನ್ನು ಆಮೇಲೆ ಎಷ್ಟು ಜನರಿಗೆ ಹೇಳಿ ಸಾಕಾಯಿತೋ, ಲೆಕ್ಕವಿಲ್ಲ.

ಅವನು ಗುರುವಾಯನಕೆರೆಯ ಬ್ಯಾರಿ ಮುಸ್ಲಿಂ ಹುಡುಗ, ತಂದೆ ಸೌದಿಯ ದಮ್ಮಾಮಿನಲ್ಲಿದ್ದರು. ನಾನು ವೇಣೂರಿನ ಹಿಂದೂ ಮನೆಯವಳು. ಇಬ್ಬರೂ ಮೂಡುಬಿದಿರೆಗೆ ಹೋಗುವ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಅವನು ಹಿಂದಿನ ಬಾಗಿಲ ಬಳಿ ನಿಂತಿದ್ದರೆ ನಾನು ವೇಣೂರಿನಲ್ಲಿ ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿಗೆ ಹೋಗುತ್ತಿದ್ದೆ. ನಡುವೆ ಏಳು ಸೀಟು. ಬಸ್ಸಿನಲ್ಲಿ ಮಾತಾಡಬಾರದು ಎಂದು ನಿಯಮ ಮಾಡಿದವನು ಅವನೇ. ಅಲ್ಲಿ ಏನಿದ್ದರೂ ಮೆಸೇಜು. ಒಂದೇ ಬಸ್ಸಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಫೋನಿನಲ್ಲಿ ಜಗಳವಾಡುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. "ಎಂತ ಹೆದರುಪುಕ್ಕಲ ಮಾರಾಯ ನೀನು" ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಚುಡಾಯಿಸಿದೆ.

ಅವನು ನಗಲಿಲ್ಲ. "ಸಿಕ್ಕಿಬಿದ್ರೆ ನಿಂಗೆ ಬೈಗುಳ ಬೀಳ್ತದೆ. ನಂಗೆ ಪೆಟ್ಟು ಬೀಳ್ತದೆ. ಎರಡೂ ಒಂದೇ ಅಲ್ಲ" ಎಂದ.

ಆ ಸೋಮವಾರ ಬಸ್ಸು ತುಂಬಿತ್ತು. ಹಿಂದಿನ ದಿನ ಹೊಸ ಕಂತು ಬಂದಿತ್ತು. ಅದರಲ್ಲಿ ಸೇತುವೆಯ ದೃಶ್ಯವನ್ನು ಇನ್ನೊಂದು ಕಡೆಯಿಂದ ತೋರಿಸಿದ್ದರು. ನಾನು ಹತ್ತಿ ಕೂರುವ ಮೊದಲೇ ಅವನ ಮೆಸೇಜು ಬಂತು: "ನೋಡಿದಿಯಲ್ಲ? ಅವನು ಓಡಿಹೋದದ್ದು. ಇನ್ನಾದ್ರೂ ಒಪ್ಪಿಕೋ." ನನಗೆ ಉರಿಯಿತು. ಒಂಬತ್ತು ಸಾಲಿನ ಉತ್ತರ ಟೈಪು ಮಾಡಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಪರೀಕ್ಷೆಯಲ್ಲೂ ಬರೆದವಳಲ್ಲ. ಕಳಿಸುವ ಹೊತ್ತಿಗೆ ನೆಟ್‌ವರ್ಕು ಹೋಯಿತು. ವೇಣೂರು ದಾಟಿದರೆ ಆ ದಾರಿಯಲ್ಲಿ ಸ್ವಲ್ಪ ದೂರ ಹಾಗೆಯೇ. ಮೆಸೇಜಿನ ಪಕ್ಕದ ಗಡಿಯಾರದ ಗುರುತು ಹೋಗದೆ ನಿಂತೇ ಇತ್ತು. ತಿರುಗಿ ನೋಡಿದೆ. ಅವನು ಕಂಬಿ ಹಿಡಿದು ನಿಂತು ಗೆದ್ದವನ ನಗು ನಗುತ್ತಿದ್ದ. ನನಗೆ ಉತ್ತರವೇ ಇಲ್ಲವೆಂದು ತಿಳಿದಿದ್ದಾನೆ ಎನಿಸಿತು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಓಡಿಹೋದದ್ದಲ್ಲ ಮಾರಾಯ! ಅವನಿಗೆ ಗೆಲ್ಲುವುದೇ ಬೇಡ ಇತ್ತು! ಸರಿ ನೋಡಿ ಮಾತಾಡು!"

ನನ್ನ ಸ್ವರ ಏಳು ಸೀಟು ದಾಟಿ ಹಿಂದಿನ ಬಾಗಿಲಿಗೆ ಹೋಯಿತು. ಟಿಕೇಟು ಹರಿಯುತ್ತಿದ್ದ ಕಂಡಕ್ಟರೂ ತಲೆ ಎತ್ತಿದರು. ಅವನ ನಗು ಮಾಯವಾಯಿತು. ಕಿಟಕಿಯ ಕಡೆ ತಿರುಗಿಕೊಂಡ. ಡ್ರೈವರನ ಹತ್ತಿರ ನಿಂತಿದ್ದ ಒಬ್ಬ ಗಂಡಸು ನನ್ನನ್ನು ನೋಡಿದ, ಆಮೇಲೆ ಅವನನ್ನು ನೋಡಿದ. ಜನರ ನಡುವೆ ನುಗ್ಗಿಕೊಂಡು ನಿಧಾನವಾಗಿ ಹಿಂದೆ ಹೋದ. ಇವನ ಕೊರಳಲ್ಲಿ ನೇತಾಡುತ್ತಿದ್ದ ಕಾಲೇಜಿನ ಐಡಿ ಕಾರ್ಡಿನ ಮೇಲಿನ ಹೆಸರನ್ನು ಬಗ್ಗಿ ಓದಿದ. ವಾಪಸು ಡ್ರೈವರನ ಹತ್ತಿರ ಬಂದ.

ನೆಟ್‌ವರ್ಕು ಬಂದದ್ದು ಎಲ್ಲರಿಗೂ ಒಟ್ಟಿಗೆ. ನನ್ನ ಒಂಬತ್ತು ಸಾಲು ಹೋಯಿತು. ಆ ಗಂಡಸು ಫೋನು ಕಿವಿಗಿಟ್ಟು, "ಸ್ಟ್ಯಾಂಡಿನಲ್ಲಿ ಇರಿ, ಹತ್ತು ನಿಮಿಷ" ಎಂದ.

"ಸ್ಟ್ಯಾಂಡಿಗೆ ಮೊದಲೇ ಇಳಿ. ಫೋನ್ ಮಾಡಿದ್ದಾರೆ" ಎಂದು ಬರೆದೆ.

"ಇಳಿದ್ರೆ ತಪ್ಪು ಮಾಡಿದ ಹಾಗೆ ಆಗ್ತದೆ" ಎಂದು ಬರೆದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು: "ಕೇಳಿದ್ರೆ ಒಂದೇ ಕ್ಲಾಸು ಅಂತ ಹೇಳುವ. ನಿಜವನ್ನೇ ಹೇಳುವ. ಇಬ್ಬರೂ ಒಂದೇ ಹೇಳಿದ್ರೆ ಎಂತ ಮಾಡ್ತಾರೆ?"

"ಸರಿ" ಎಂದು ಬರೆದೆ.

ಸ್ಟ್ಯಾಂಡಿನಲ್ಲಿ ಮೂವರಿದ್ದರು. ಇಬ್ಬರು ಹಿಂದಿನ ಬಾಗಿಲಿಗೆ ಹೋದರು, ಒಬ್ಬ ಮುಂದಿನದಕ್ಕೆ ಬಂದ. ನಾನು ಇಳಿಯುತ್ತಿದ್ದಂತೆ ಬಹಳ ಮೆತ್ತಗೆ ಕೇಳಿದ. "ತಂಗಿ, ಹೆದರಬೇಡ. ಆ ಹುಡುಗನ ಗುರ್ತ ಉಂಟಾ ನಿಂಗೆ? ನಿನ್ನ ಮನೆ ಎಲ್ಲಿ? ಅಪ್ಪನ ಹೆಸರು ಎಂತ?"

ಬಸ್ಸಿನ ಹಿಂಬದಿಯಿಂದ ಅವನ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ಒಂದೇ ಕ್ಲಾಸು ಅಣ್ಣ. ಅವಳನ್ನೇ ಕೇಳಿ ಬೇಕಾದ್ರೆ."

"ಗುರ್ತ ಇಲ್ಲ" ಎಂದೆ ನಾನು.

ಮೆತ್ತಗೆ ಕೇಳಿದ ಆ ಗಂಡಸು ಬಸ್ಸಿನ ಆಚೆಗೆ ಕತ್ತು ಚಾಚಿ, "ಗುರ್ತವೇ ಇಲ್ಲ ಅಂತಾಳೆ ಅವಳು!" ಎಂದು ಕೂಗಿ ಹೇಳಿದ. ಮೊದಲ ಪೆಟ್ಟಿನ ಸದ್ದು ಕೇಳಿತು. ಎರಡನೆಯದೂ ಕೇಳಿತು. ಆಗ ನಾನು, "ಇಲ್ಲ, ಗೊತ್ತುಂಟು, ಗೊತ್ತುಂಟು, ನಮ್ಮ ಕ್ಲಾಸೇ" ಎಂದು ಕಿರುಚಿದೆ. ಅಷ್ಟರಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ. ಕಂಡಕ್ಟರು ಕೆಳಗೆ ಹಾರಿ ನಡುವೆ ನುಗ್ಗಿದರು. ಮೀನಿನ ಬುಟ್ಟಿ ಇಳಿಸುತ್ತಿದ್ದ ಹೆಂಗಸೊಬ್ಬರು ಆ ಮೂವರನ್ನೂ ಬಾಯಿಗೆ ಬಂದಂತೆ ಬೈದರು. ಜನ ಸೇರಿದ್ದು ನೋಡಿ ಅವರು ಬೈಕು ಹತ್ತಿ ಹೋದರು. ಅವನ ತುಟಿ ಒಡೆದು ಅಂಗಿಯ ಮೇಲೆ ರಕ್ತ ಬಿದ್ದಿತ್ತು. ಕಂಡಕ್ಟರು ಬಾಟಲಿಯ ನೀರು ಕೊಟ್ಟರು. ಅವನು ಬಾಯಿ ತೊಳೆದುಕೊಂಡು, ಐಡಿ ಕಾರ್ಡನ್ನು ನೆಲದಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡ. ನನ್ನ ಕಡೆ ಒಂದು ಸಲ ನೋಡಿದ. ನನಗೆ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಅವನು ಊರಿಗೆ ವಾಪಸು ಹೋಗುವ ಬಸ್ಸು ಹತ್ತಿದ.

ಅವನ ಮನೆಯವರು ದೂರು ಕೊಡಲಿಲ್ಲ. ಪರೀಕ್ಷೆಯವರೆಗೆ ಅವನು ಬೇರೆ ಬಸ್ಸಿನಲ್ಲಿ ಬಂದ, ಕ್ಲಾಸಿನಲ್ಲಿ ಕಿಟಕಿಯ ಬಳಿ ಕೂತ. ನಾನು ಕಳಿಸಿದ ಕ್ಷಮೆಯ ಮೆಸೇಜುಗಳನ್ನೆಲ್ಲ ಓದಿದ. ಒಂದಕ್ಕೆ ಮಾತ್ರ ಉತ್ತರ ಬಂತು. "ನಿನ್ನನ್ನು ಕಾಪಾಡಲಿಕ್ಕೆ ಹಾಗೆ ಹೇಳಿದೆ, ಗುರ್ತ ಇಲ್ಲ ಅಂದ್ರೆ ಬಿಡ್ತಾರೆ ಅಂದುಕೊಂಡೆ" ಎಂದು ನಾನು ಬರೆದದ್ದಕ್ಕೆ ಅವನು, "ಹೌದಾ?" ಎಂದು ಕೇಳಿದ್ದ.

ನಾನು ಹೌದು ಎಂದು ಬರೆದೆ. ಈಗ ಬಂಟ್ವಾಳದಲ್ಲಿ ಕೆಲಸದಲ್ಲಿದ್ದೇನೆ. ಈ ಕಥೆಯನ್ನು ಆಪ್ತರಾದ ಇಬ್ಬರು ಮೂವರಿಗೆ ಹೇಳಿದ್ದೇನೆ, ಅವರಿಗೂ ಹಾಗೆಯೇ ಹೇಳಿದೆ. ಪಾಪ ನೀನು ಅವನ ಒಳ್ಳೆಯದಕ್ಕೇ ಹೇಳಿದ್ದಲ್ಲವೇ ಎಂದು ಅವರು ಸಮಾಧಾನ ಮಾಡುತ್ತಾರೆ. ಅದು ಸುಳ್ಳು. ಆ ಗಂಡಸು ಅಪ್ಪನ ಹೆಸರು ಕೇಳಿದಾಗ, ಅವರು ನಮ್ಮ ಮನೆಯ ಅಂಗಳಕ್ಕೆ ಬರುವುದು, ಅಪ್ಪ ಬಾಗಿಲಲ್ಲಿ ನಿಲ್ಲುವುದು, ನಾಳೆಯಿಂದ ನನ್ನ ಕಾಲೇಜು ನಿಲ್ಲುವುದು ಮಾತ್ರ ನನ್ನ ಕಣ್ಣ ಮುಂದಿತ್ತು. ಬಸ್ಸಿನ ಹಿಂದೆ ನಿಂತವನ ನೆನಪು ನನಗೆ ಬಂದದ್ದು ಮೊದಲ ಪೆಟ್ಟಿನ ಸದ್ದು ಕೇಳಿದ ಮೇಲೆ.