ಬಂಗಲೆಯಲ್ಲಿ ಪದ್ಯ ಬಿಡಿಸಿ ಹೇಳಿದ ದಿನ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟೇ ಓದಿದ್ದು. ನಾಚಿಕೆಯಾಗುವುದು ಹೋದ ಆಗಸ್ಟಿನ ಒಂದು ಬೆಳಿಗ್ಗೆಯನ್ನು ನೆನೆದರೆ.

ಬಾಳೂರಿನ ಹತ್ತಿರ ಅವ್ವ ಕೆಲಸ ಮಾಡುವ ಎಸ್ಟೇಟಿನ ಸಾಹುಕಾರರು, ಸ್ವಾತಂತ್ರ್ಯ ದಿನ ಕಾಫಿ ಕಣದಲ್ಲಿ ಬಾವುಟ ಹಾರಿಸಿ ಆಳುಗಳಿಗೆ ಒಂದು ಪದ್ಯ ಓದಿ ಹೇಳಬೇಕೆಂದಿದ್ದರು. ಸ್ವಾತಂತ್ರ್ಯದ ಮೇಲಿನ ಪದ್ಯ. ಅದನ್ನು ಬಿಡಿಸಿ ಹೇಳಲು ರಜೆಗೆ ಬಂದಿದ್ದ ನನ್ನನ್ನು ಕರೆಸಿದರು. ಅವ್ವನ ಜೊತೆಗೇ ಹೋದೆ. ಬಂಗಲೆಯ ಗೇಟು ದಾಟಿದ ಮೇಲೆ ಅವಳು ಎಂದಿನಂತೆ ಅಡುಗೆಮನೆಯ ಹಿಂಬಾಗಿಲಿಗೆ ತಿರುಗಿದಳು. ನಾನು ಮೊದಲ ಸಲ ಮುಂಬಾಗಿಲ ಕಡೆ ನಡೆದೆ. ವರಾಂಡದಲ್ಲಿ ಬೆತ್ತದ ಕುರ್ಚಿ ಕೊಟ್ಟರು. ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಟ್ಟೆ.

ಬಿಡುಗಡೆಯಾದವನೊಬ್ಬ ತನ್ನನ್ನೇ ಕೇಳಿಕೊಳ್ಳುವ ಪದ್ಯ ಅದು. ಮೊದಲ ನಾಲ್ಕು ಚರಣಗಳೂ ಪ್ರಶ್ನೆಯಲ್ಲಿ ಮುಗಿಯುತ್ತವೆ. ಕೊನೆಯದರಲ್ಲಿ ಪ್ರಾಸ ಬಿಟ್ಟುಹೋಗಿ ಸಾಲುಗಳು ತುಂಡಾಗುತ್ತವೆ. ಇದು ಹಬ್ಬದ ಪದ್ಯವಲ್ಲ ಎಂದೆ. ಪ್ರಾಸ ಇರುವಷ್ಟು ಹೊತ್ತು ಅವನದು ಬಾಯಿಪಾಠದ ಮಾತು, ಪ್ರಾಸ ತಪ್ಪಿದಲ್ಲಿ ಸ್ವಂತ ಮಾತು. ಭಾವ ಸಂತೋಷದ್ದಲ್ಲ, ಬಿಡುಗಡೆ ಸಿಕ್ಕಿದ ಮೇಲೂ ಇನ್ನೊಬ್ಬರ ಮುಖ ನೋಡುವವನ ಅಳುಕು ಎಂದೆ. ಸಾಹುಕಾರರು ತಲೆಯಾಡಿಸಿದಷ್ಟೂ ನನಗೆ ಹುರುಪು.

ಆಗ ಅವ್ವ ಕಾಫಿ ತಂದಳು. ನಾನೂ ಲೋಟ ತೆಗೆದುಕೊಂಡೆ. ಟ್ರೇ ಹಿಡಿದು ಬಾಗಿಲ ಬಳಿ ನಿಂತವಳಿಗೆ ಸಾಹುಕಾರರ ಹೆಂಡತಿ, "ನೀನೂ ಕೂತ್ಕಳೆ ಮಾರಾಯ್ತಿ. ಮಗಳು ಎಷ್ಟ್ ಚಂದ ಹೇಳ್ತಾಳೆ, ಕೇಳು" ಎಂದರು.

ಅವ್ವ ಕುರ್ಚಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

ಬ್ಯಾಗ್ ಎತ್ತಿ ಕೆಳಗಿಡುವುದು ಎಷ್ಟು ಹೊತ್ತಿನ ಕೆಲಸ? ಅವಳು ಪಕ್ಕದಲ್ಲಿ ಕೂತರೆ ನಾನು ಮೇಡಂ ಹೋಗಿ ಮತ್ತೆ ಆಳುಗಳ ಲೈನ್‌ಮನೆಯ ಹುಡುಗಿ ಆಗಿಬಿಡುತ್ತೇನೆ ಅನ್ನಿಸಿತು. "ಮೂರನೇ ಚರಣದಲ್ಲಿ ನೋಡಿ" ಎಂದು ಸಾಹುಕಾರರ ಕಡೆ ತಿರುಗಿದೆ.

ಒಲೆ ಮೇಲೆ ಹಾಲಿದೆ ಅಂದಳು ಅವ್ವ. ಆದರೆ ಒಳಗೆ ಹೋಗಲಿಲ್ಲ.

ಸಂಜೆ ಪಕ್ಕದ ಮನೆಯಾಕೆ ಅವ್ವನನ್ನು ಛೇಡಿಸಲು ಬಂದಳು. "ಸಾವ್ಕಾರ್ರಿಗೇ ಪಾಠ ಮಾಡಿದ್ಲಂತಲ್ಲ ನಿನ್ ಮಗಳು. ನಿಂಗೇನಾರೂ ತಿಳೀತೇನೆ?"

"ತಿಳಿಯೋದ್ ಬಿಡು. ಒಂದ್ ಮಾತೂ ಬಿಡ್ದೆ ಕೇಳ್ದೆ, ನಿಂತ್ಕಂಡೇ" ಎಂದಳು ಅವ್ವ.

ಅವಳ ದನಿಯಲ್ಲಿ ದೂರು ಇರಲಿಲ್ಲ, ಹೆಮ್ಮೆಯಿತ್ತು. ದೂರಿದ್ದರೆ ಏನಾದರೂ ಉತ್ತರ ಹೇಳಬಹುದಿತ್ತು.