ಸೇನಾಪತಿಗೆ ಹಾಡ್ಯಾಡಿ ಅತ್ತದ್ದು

ನಮ್ಮ ಆಯಿಯಷ್ಟು ಚೆನ್ನಾಗಿ ಅಳುವವರು ಬೇಡಕಿಹಾಳದಲ್ಲಿ ಇನ್ನೊಬ್ಬರಿರಲಿಲ್ಲ. ನಗಬೇಡಿ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆಯಿ ಎಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಊರಲ್ಲಿ ಯಾರೇ ಸತ್ತರೂ ಹೆಂಗಸರು ಹೆಣದ ಸುತ್ತ ಕುಳಿತು ಹಾಡ್ಯಾಡಿ ಅಳುತ್ತಾರೆ. ಸತ್ತವರು ಹುಟ್ಟಿದ್ದು, ಬೆಳೆದದ್ದು, ಪಟ್ಟ ಕಷ್ಟ, ಹೋದ ರೀತಿ ಎಲ್ಲವನ್ನೂ ರಾಗವಾಗಿ ಹೇಳಬೇಕು. ಆಯಿ ಒಂದನ್ನೂ ಬಿಡುತ್ತಿರಲಿಲ್ಲ.

ಅದು ಎಂಬತ್ತರ ದಶಕ. ನಾನಾಗ ಒಂಬತ್ತನೇ ಇಯತ್ತೆ. ಚಿಕ್ಕೋಡಿಯಲ್ಲಿ ಭಾಷಣ ಸ್ಪರ್ಧೆ, ವಿಷಯ ಮಹಾಪುರುಷರು. ನಮ್ಮ ಶಾಲೆಯಿಂದ ಅದುವರೆಗೆ ಹುಡುಗಿ ಹೋದದ್ದೇ ಇರಲಿಲ್ಲ, ನಾನೇ ಮೊದಲು. ನಮ್ಮ ದೇಶದ ಮಹಾಪುರುಷರನ್ನೆಲ್ಲ ಬೇರೆ ಶಾಲೆಯವರು ಹಿಡಿದುಕೊಂಡಿರುತ್ತಾರೆಂದು ಇತಿಹಾಸದ ಸರ್ ದಕ್ಷಿಣ ಅಮೆರಿಕದ ಒಬ್ಬ ಸೇನಾಪತಿಯನ್ನು ಹುಡುಕಿ ತಂದರು. ಸ್ಪೇನಿನವರನ್ನು ಓಡಿಸಿ ರಾಷ್ಟ್ರಾಧ್ಯಕ್ಷನಾದವನಂತೆ. ಒಂದು ಪುಸ್ತಕವನ್ನೂ ತಾವು ಬರೆದ ಎರಡು ಹಾಳೆಯನ್ನೂ ಕೊಟ್ಟು, "ಅಧ್ಯಕ್ಷ ಆದ ಅನ್ನೂದ್ರಾಗ ಮುಗಸು. ಚಪ್ಪಾಳಿ ಬೀಳ್ತಾವು" ಎಂದರು.

ಸಂಜೆ ಆಯಿ ಎಮ್ಮೆಗೆ ಕಬ್ಬಿನ ಸೋಗೆ ಕತ್ತರಿಸುವಾಗ ಎದುರು ನಿಂತು ಒಪ್ಪಿಸಿದೆ. ಚಿಕ್ಕವನಿದ್ದಾಗಲೇ ತಂದೆತಾಯಿ ಸತ್ತರು. ಮದುವೆಯಾದ ವರ್ಷದೊಳಗೆ ಹೆಂಡತಿ ಜ್ವರದಿಂದ ಹೋದಳು, ಅವನು ಮತ್ತೆ ಮದುವೆಯಾಗಲಿಲ್ಲ. ದಂಡು ಕಟ್ಟಿಕೊಂಡು ಹಿಮದ ಬೆಟ್ಟ ದಾಟಿದ, ಗೆದ್ದ, ಅಧ್ಯಕ್ಷನಾದ.

"ಮುಂದ?" ಎಂದಳು ಆಯಿ.

"ಮುಗೀತು."

"ಯಾಕ, ಅಂವಾ ಸಾಯ್ಲಿಲ್ಲೇನು?"

ಸತ್ತಿದ್ದ. ಪುಸ್ತಕದಲ್ಲಿತ್ತು. ಜೊತೆಗಾರರೇ ತಿರುಗಿಬಿದ್ದರು, ತಾನಾಗಿ ಅಧಿಕಾರ ಬಿಟ್ಟ, ಕ್ಷಯ ಹಿಡಿದು ಬೇರೆಯವರ ಮನೆಯಲ್ಲಿ ಕಣ್ಣು ಮುಚ್ಚಿದ. ಹೆಣಕ್ಕೆ ಹಾಕಲು ಹರಿಯದ ಒಂದು ಅಂಗಿಯಿರಲಿಲ್ಲ, ಇನ್ನೊಬ್ಬರದನ್ನು ತೊಡಿಸಿದರು. ಕೇಳುತ್ತಾ ಆಯಿ ಕುಡಗೋಲು ಕೆಳಗಿಟ್ಟಳು.

"ಹೇಂತಿಲ್ಲ, ಮಕ್ಕಳಿಲ್ಲ. ಅಂವಗ ಯಾರ ಅತ್ತಾರ? ಅದನ್ನ ಬಿಟ್ರ ಮನಷ್ಯಾನ ಕತಿ ಅರ್ಧಾ ಹೇಳಿಧಂಗ. ಹೇಳಬೇ ನೀ."

"ಸರ್ ಬೈತಾರ."

"ಬೈಲಿ."

ನನಗೋ ಬಹುಮಾನ ಬೇಕಾಗಿತ್ತು. ಹುಡುಗಿ ಏನು ಮಾತಾಡ್ತಾಳೆ ಎಂದು ಆಡಿಕೊಂಡ ಹುಡುಗರ ಸೊಕ್ಕು ಮುರಿಯಬೇಕಾಗಿತ್ತು. ಸರ್ ಹೇಳಿದಂತೆಯೇ ಮಾಡುವುದೆಂದು ಗಟ್ಟಿಮಾಡಿಕೊಂಡು ಬಸ್ಸು ಹತ್ತಿದೆ. ಆಯಿಯೂ ಹತ್ತಿದಳು.

ವೇದಿಕೆಯ ಮೇಲೆ ಎಲ್ಲ ಸರಿಯಾಗಿಯೇ ನಡೆಯಿತು. ಅಧ್ಯಕ್ಷನಾದ ಎಂದೆ, ಚಪ್ಪಾಳೆ ಬಿತ್ತು, ಸರ್ ಇಳಿ ಎಂದು ಕೈಮಾಡಿದರು. ಹಿಂದಿನ ಸಾಲಿನಲ್ಲಿ ಆಯಿ ಮಾತ್ರ ಚಪ್ಪಾಳೆ ತಟ್ಟದೆ ನನ್ನನ್ನೇ ನೋಡುತ್ತಿದ್ದಳು. ನನ್ನಿಂದ ಇಳಿಯಲಾಗಲಿಲ್ಲ. ಮುಂದಿನದಕ್ಕೆ ಬರೆದ ಮಾತಿರಲಿಲ್ಲ. ಸಾವನ್ನು ಹೇಳುವ ರೀತಿ ನನಗೆ ಗೊತ್ತಿದ್ದದ್ದು ಒಂದೇ. ನನಗೆ ತಿಳಿಯದಂತೆಯೇ ದನಿ ರಾಗಕ್ಕೆ ಹೊರಳಿತು.

"ನಾಡನಾಡ ಬಿಡಿಸಿದ್ಯಲ್ಲೋ ನನ್ನಪ್ಪಾ, ಮೈಮ್ಯಾಲ ನಿಂದ ಅಂಗೀನ ಇಲ್ಲಲ್ಲೋ..."

ಅದೂ ಮೈಕಿನಲ್ಲಿ! ಹುಡುಗರು ಕಿಸಕ್ಕೆಂದರು. ನಿರ್ಣಾಯಕರು ಗಂಟೆ ಬಾರಿಸಿದರು. ಅಷ್ಟರಲ್ಲಿ ಹಿಂದಿನಿಂದ ಆಯಿ ದನಿ ಕೂಡಿಸಿದಳು. ಮಕ್ಕಳನ್ನು ಕರೆತಂದಿದ್ದ ತಾಯಂದಿರು ಸೆರಗು ಬಾಯಿಗೆ ಹಿಡಿದರು. ಮರಾಠಿ ಬಿಟ್ಟು ಬೇರೆ ಬಾರದ ನಿಪ್ಪಾಣಿಯ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅತ್ತಳು. ನಗುತ್ತಿದ್ದ ಹುಡುಗರು ತಿರುಗಿ ತಿರುಗಿ ತಮ್ಮ ತಾಯಂದಿರನ್ನು ನೋಡಿದರು. ಆ ಸೇನಾಪತಿಯ ಹೆಸರನ್ನು ಅತ್ತವರಾರೂ ಹಿಂದೆ ಕೇಳಿರಲಿಲ್ಲ.

ಇದು ಭಾಷಣವೇ ಅಲ್ಲ ಎಂದು ನಿರ್ಣಾಯಕರು ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಸರ್ ಬಸ್ ಸ್ಟ್ಯಾಂಡಿನವರೆಗೆ ನಮಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ, ರಾಗವಿಲ್ಲದೆ. ಆಯಿ ಮಾತ್ರ ಬೀಗುತ್ತಿದ್ದಳು. ಎದುರು ಸೀಟಿನ ಗುರುತಿಲ್ಲದ ಹೆಂಗಸಿಗೆ ನನ್ನನ್ನು ತೋರಿಸಿ ಹೇಳಿದಳು:

"ನನ್ನ ಮೊಮ್ಮಗಳ್ರಿ. ಪರದೇಶದಾಗ ಒಬ್ಬ ದೊಡ್ಡ ಮನಷ್ಯಾ ತನ್ನವ್ರಂತ ಯಾರೂ ಇಲ್ದ ಸತ್ತಿದ್ನಂತ. ಇವತ್ತ ಅಂವಗ ಅಳೂ ಮಂದಿನ್ನ ಕೂಡಿಸಿ ಬಂದಾಳ."