ಮುಂಗುಸಿ ಕೂದಲಿನ ಕುಂಚ

ಕುಂಚ ತೊಳೆದಾದ ಮೇಲೆ ಅದರ ಕೂದಲನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡುವುದು ನನ್ನ ಹಳೆಯ ಚಟ. ಚಿತ್ರಕಲೆಯ ಮಾಸ್ತರನಾಗಿ ದುಂಡಸಿಗೆ ಬಂದ ಹೊಸದರಲ್ಲಿ, ಶಾಲೆಯ ಬೇಲಿಯಾಚೆ ನಿಂತು ಇದನ್ನು ಕಂಡ ದುರ್ಗಪ್ಪ, ನೀವು ಬಾಯಲ್ಲಿಟ್ಟುಕೊಂಡದ್ದು ಮುಂಗುಸಿಯ ಬಾಲವೆಂದು ಹೇಳಿ ನಕ್ಕ. ಅವನಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಉರುಲು ಹಾಕಿ ಮುಂಗುಸಿ ಹಿಡಿದು, ಕೂದಲನ್ನು ಕುಂಚ ಕಟ್ಟುವವರಿಗೆ ಕೊಡುವುದು ಅವನ ಮನೆತನದ ಕಸುಬಾಗಿತ್ತು.

ನಮ್ಮ ಸ್ನೇಹ ಬೆಳೆದದ್ದು ಹೀಗೆ. ನಾನು ಹಲಗೆಯ ಮೇಲೆ ಬರೆದ ಮುಂಗುಸಿಯನ್ನು ನೋಡಿ ಅವನು ನಾಯಿಮರಿಯೆಂದ. ಮುಂಗುಸಿ ಹಾವಿನೆದುರು ಬೆನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುವ ಬಗೆಯನ್ನು ತಾನೇ ಮಣ್ಣಲ್ಲಿ ಕುಳಿತು ತೋರಿಸಿದ. ಕೊಲ್ಲುವವನಿಗೆ ಅಷ್ಟೊಂದು ಅಕ್ಕರೆ ಎಲ್ಲಿಂದ ಬಂದೀತೆಂದು ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ.

ಒಂದು ಬೆಳಗ್ಗೆ ಅವನೊಡನೆ ಹತ್ತಿಹೊಲದ ಬದುವಿಗೆ ಹೋದೆ. ಉರುಲಿನಲ್ಲಿ ಹೆಣ್ಣು ಮುಂಗುಸಿಯೊಂದು ಜೀವಂತ ಸಿಕ್ಕಿತ್ತು; ಮೊಲೆಯಲ್ಲಿ ಹಾಲಿತ್ತು. ಬಿಟ್ಟುಬಿಡೆಂದು ಬೇಡಿಕೊಂಡೆ. ಅವನು ಟವೆಲು ಹೊದಿಸಿ ಗಂಟು ಸಡಿಲಿಸುವಾಗ ಅದು ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ರಕ್ತ ಸುರಿದರೂ ಗಂಟು ಬಿಚ್ಚುವ ತನಕ ಅವನು ಕೈ ತೆಗೆಯಲಿಲ್ಲ. ಅದು ಓಡಿಹೋದ ಮೇಲೆ, “ನಿಮ್ಮ ಸಲುವಾಗಿ ಇವತ್ತಿಂದ ಉರುಲ ಹಾಕಂಗಿಲ್ಲರಿ ಮಾಸ್ತರ” ಎಂದ. ಮುಂಗುಸಿ ಕೂದಲಿನ ಕುಂಚವನ್ನು ಇನ್ನು ಮುಟ್ಟುವುದಿಲ್ಲವೆಂದು ನಾನೂ ಮಾತು ಕೊಟ್ಟೆ.

ಮಾತು ಎಷ್ಟು ದಿನ ಬಾಳಿತೆಂದು ಕೇಳಬೇಡಿ. ನೈಲಾನಿನ ಕುಂಚ ನೀರು ಹಿಡಿಯದು, ಗೆರೆಗೆ ಜೀವ ಬಾರದು. ತಿಂಗಳೊಳಗೆ ಹಳೆಯದನ್ನೇ ಹಿಡಿದೆ; ಅದು ಸವೆದಾಗ ಅಂಥದ್ದೇ ಹೊಸದನ್ನು ಕೊಂಡೆ. ಮುಂದೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಗೋವಿನಜೋಳದ ಚೀಲ ಹೊರಲು ಸಂತೆಗೆ ಬಂದಾಗಲೆಲ್ಲ ದುರ್ಗಪ್ಪ ಮನೆಗೆ ಬರುತ್ತಿದ್ದ. ಅವನ ದನಿ ಕೇಳಿದೊಡನೆ ನಾನು ಕುಂಚಗಳನ್ನು ಟ್ರಂಕಿಗೆ ಸೇರಿಸುತ್ತಿದ್ದೆ. ಚಹಾ ಕುಡಿಯುತ್ತ ಅವನು ಕೂಲಿಯ ಸುದ್ದಿ ಹೇಳುತ್ತಿದ್ದ, ನಾನು ಮಕ್ಕಳ ಸುದ್ದಿ. ಉರುಲಿನ ಮಾತನ್ನು ಅವನು ಎತ್ತಲಿಲ್ಲ, ಕುಂಚದ ಮಾತನ್ನು ನಾನು ಎತ್ತಲಿಲ್ಲ.

ಹೋದ ತಿಂಗಳು ಅವನು ಜ್ವರದಲ್ಲಿ ತೀರಿಕೊಂಡ. ಸುದ್ದಿ ತಿಳಿದು, ಬಸ್ಸು ಬದಲಿಸುತ್ತ ದುಂಡಸಿ ಸೇರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವನ ಹೆಂಡತಿ ಯಲ್ಲವ್ವ ಜಗುಲಿಯಲ್ಲಿ ಕುಳಿತಿದ್ದಳು. ಅಷ್ಟು ವರ್ಷವೂ ಅವನು ಉರುಲು ಬಿಟ್ಟಿರಲಿಲ್ಲವೆಂದು, ಕೂಲಿ ಸಿಗದ ದಿನಗಳಲ್ಲಿ ಕದ್ದು ಹಾಕುತ್ತಿದ್ದನೆಂದು, ಮಾಸ್ತರರಿಗೆ ಮಾತ್ರ ಹೇಳಬೇಡವೆಂದು ಆಣೆ ಇಡಿಸಿಕೊಂಡಿದ್ದನೆಂದು ತಾನಾಗಿಯೇ ಹೇಳಿದಳು.

ಸಿಟ್ಟು ಬರಬೇಕಿತ್ತೇ? ನಾಚಿಕೆಯೇ? ಅಂದು ಬಿಟ್ಟ ಆ ತಾಯಿಮುಂಗುಸಿಯನ್ನು ಮರುದಿನವೇ ಮತ್ತೆ ಹಿಡಿದನೇ? ಅದರ ಕೂದಲೇ ತಿರುಗಿ ನನ್ನ ತುಟಿಗೆ ಬಂತೇ? ಅವನ ಸುಳ್ಳಿನ ಹಿಂದೆ ಹಸಿವಿತ್ತು. ನನ್ನದರ ಹಿಂದೆ ಒಂದು ಗೆರೆಯ ಚೆಲುವು, ಅಷ್ಟೆ. ಯಾವುದು ಹಗುರ, ಯಾವುದು ಭಾರ, ತೂಗಿ ತೂಗಿ ನನಗೆ ತಿಳಿಯದಾಗಿದೆ.

“ನೀವು ಮಾತ ಉಳಿಸ್ಕೊಂಡ್ರಿ, ಅವ್ರಿಗೆ ಆಗಲಿಲ್ಲ. ಸಿಟ್ಟಾಗಬ್ಯಾಡ್ರಿ,” ಎಂದಳು ಯಲ್ಲವ್ವ.

ಸುಮ್ಮನಿರಬಹುದಿತ್ತು. “ನಾನೂ ಉಳಿಸ್ಕೊಳ್ಳಲಿಲ್ಲ, ಯವ್ವಾ,” ಎಂದೆ.

“ಹಂಗಾರ ಇಬ್ರೂ ಸರಿಜೋಡಿ ಬಿಡ್ರಿ,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗಿನ ಹಿಂದೆ ನಗುತ್ತಿದ್ದಳೋ ಅಳುತ್ತಿದ್ದಳೋ, ಎದುರಿಗೇ ಕುಳಿತಿದ್ದರೂ ನನಗೆ ತಿಳಿಯಲಿಲ್ಲ.